ಶನಿವಾರದ ಉಪವಾಸವಲ್ಲ, ಬ್ಲಡ್ ಟೆಸ್ಟು

"ಇನ್ನಿಬ್ರು ಆದ್ರೆ ನಿಂದೇ ಕಣ್ ಮಗ. ತಡ್ಕೊ," ಎಂದರು ಅಜ್ಜಿ ಪುಟ್ಟಮಾದಮ್ಮ.

ಬಿಂದುಶ್ರೀ ತಡೆದುಕೊಂಡೇ ಇದ್ದಳು. ಮಳವಳ್ಳಿಯ ಲ್ಯಾಬಿನ ಬೆಂಚಿನಲ್ಲಿ ಕುಳಿತು, ನಡುಗುವ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡಿದ್ದಳು. ಹಣೆಯೆಲ್ಲ ಬೆವರು. ಬೆಳಕವಾಡಿಯ ಬಸ್ಸು ಇವತ್ತೇ ಲೇಟಾಗಬೇಕಿತ್ತೆ?

ಇವತ್ತು ರಿಪೋರ್ಟ್ ಸಿಗದಿದ್ದರೆ ಖೋ ಖೋ ಟೀಮು ಕೈತಪ್ಪಿದಂತೆಯೇ. ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಪಿ.ಟಿ. ಮೇಷ್ಟ್ರು ಶಿವರಾಮು ನಿನ್ನೆ ಪಟ್ಟು ಹಿಡಿದಿದ್ದರು.

"ಆಡೋವಾಗ ಶುಗರ್ ಇಳಿದು ಬಿದ್ರೆ ಯಾರಮ್ಮ ನೋಡ್ಕೊಳ್ಳೋರು? ನಾಳೆ ರಿಪೋರ್ಟ್ ತಾ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಪ್ರಿಯಾಂಕ."

"ತತ್ತೀನಿ ಸಾರ್. ಪ್ರಿಯಾಂಕಂಗೆ ಸಾಲಲ್ಲಿ ನೆಟ್ಟಗೆ ಕೂರಕ್ಕೇ ಬರಲ್ಲ," ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಂದಿದ್ದಳು.

ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು ಲ್ಯಾಬಿನವರು. ಖಾಲಿ ಹೊಟ್ಟೆ ಎಂದರೆ ಅಜ್ಜಿಗೆ ಶನಿವಾರದ ಉಪವಾಸವೇ. "ಮಾಡೋದಾದ್ರೆ ನೇಮವಾಗಿ ಮಾಡ್ಬೇಕು," ಎಂದು ಅವಳ ರಾತ್ರಿಯ ಮುದ್ದೆಯನ್ನೂ ತಪ್ಪಿಸಿದ್ದರು. ರಿಪೋರ್ಟ್ ಚೆನ್ನಾಗಿ ಬರಲೆಂದು ಬಿಂದುಶ್ರೀಯೂ ತಲೆಯಾಡಿಸಿದ್ದಳು. ಆದರೆ ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ನನ್ನು ಎಂದಿನಂತೆ ಮಲಗುವ ಮುಂಚೆ ಹಾಕಿಕೊಂಡಿದ್ದಳು.

ಗೋಡೆಯ ಗಡಿಯಾರ ಎರಡಾಗಿ ಕಂಡಿತು. ಬ್ಯಾಗಿನ ತಳದಲ್ಲಿ, ಗೆಳತಿಯರಿಗೆ ಕಾಣದಂತೆ ಸದಾ ಬಚ್ಚಿಡುತ್ತಿದ್ದ ಗ್ಲೂಕೋಸ್ ಡಬ್ಬಿಗೆ ಬಿಂದುಶ್ರೀ ಕೈ ಹಾಕಿದಳು.

ಅಜ್ಜಿ ತಡೆದರು. "ಲೇ, ಬಾಯ್ಗಾಕ್ಬೇಡ. ಎಲ್ಲಾ ಕೆಟ್ಟೋಯ್ತದೆ. ಆಟ ಬ್ಯಾಡ್ವಾ ನಿಂಗೆ?"

ಬೇಕಿತ್ತು. ತುಂಬಾ ಬೇಕಿತ್ತು. ಆದರೂ ಡಬ್ಬಿ ಬಿಡಲಿಲ್ಲ.

"ಬುಡಜ್ಜಿ ಕೈಯ. ಇದು ನಿನ್ ಶನಿವಾರ ಅಲ್ಲ. ರಾತ್ರಿ ಸೂಜಿ ಇನ್ನೂ ಕೆಲ್ಸ ಮಾಡ್ತಾ ಅದೆ. ನಾನು ಉಣ್ಣಲಿಲ್ಲ ಅಂತ ಅದೇನು ರಜಾ ಹಾಕ್ತದಾ?"

ಬೆಂಚಿನವರೆಲ್ಲ ನೋಡುತ್ತಿದ್ದಂತೆಯೇ ಪುಡಿಯನ್ನು ಬಾಟಲಿಯ ನೀರಿಗೆ ಸುರಿದು ಗಟಗಟ ಕುಡಿದಳು.

ಲ್ಯಾಬಿನ ಆಶಾರಾಣಿ ಓಡಿಬಂದು ಬೆರಳು ಚುಚ್ಚಿ ನೋಡಿದರು. ಶುಗರ್ ತೀರಾ ಇಳಿದಿತ್ತು. "ಕುಡ್ದಿದ್ದು ಒಳ್ಳೇದಾಯ್ತು ಕಣಮ್ಮ. ಆದ್ರೆ ಇವತ್ತು ಟೆಸ್ಟ್ ಆಗಲ್ಲ. ಡಾಕ್ಟರನ್ನ ಕೇಳ್ಕೊಂಡು, ಇನ್ನೊಂದಿನ ಬಾ. ರಾತ್ರಿ ಊಟ ಮಾಡು, ಬೆಳಗ್ಗೆ ಮಾತ್ರ ಖಾಲಿ ಹೊಟ್ಟೆ."

ಅಜ್ಜಿಯ ಮುಖ ಸಣ್ಣದಾಯಿತು. ಸೆರಗಿನಿಂದ ಮೊಮ್ಮಗಳ ಬೆವರು ಒರೆಸಿ, ನೇರವಾಗಿ ಹೋಟೆಲಿಗೆ ಕರೆದೊಯ್ದು, "ಇನ್ನೊಂದು ಇಡ್ಲಿ ತಿನ್ನು ಮಗ," ಎನ್ನುತ್ತ ಪಕ್ಕದಲ್ಲೇ ಕುಳಿತರು.

ಮಧ್ಯಾಹ್ನ ಮೈದಾನದಲ್ಲಿ ಮೇಷ್ಟ್ರು ಕೈ ಚಾಚಿದರು. "ಎಲ್ಲಿ ರಿಪೋರ್ಟು?"

"ಇಲ್ಲ ಸಾರ್. ಕಾಯೋವಾಗ ಶುಗರ್ ಇಳೀತು. ಗ್ಲೂಕೋಸ್ ಕುಡ್ದುಬುಟ್ಟೆ."

"ಕುಡಿ ಅಂದೋರ್ಯಾರು?"

"ಯಾರೂ ಇಲ್ಲ ಸಾರ್. ಬ್ಯಾಡ ಅಂದ್ರು."

ಹೇಳುತ್ತಿದ್ದಂತೆ ಬಿಂದುಶ್ರೀಗೇ ಏನೋ ಹೊಳೆಯಿತು. ತಗ್ಗಿಸಿದ್ದ ತಲೆ ಎತ್ತಿದಳು.

"ನೆನ್ನೆ ಕೇಳಿದ್ರಲ್ಲ ಸಾರ್, ಯಾರು ನೋಡ್ಕೊಳ್ಳೋರು ಅಂತ. ನಾನೇ ಸಾರ್."

ಮೇಷ್ಟ್ರು ಅವಳನ್ನೇ ನೋಡಿದರು. "ಇವತ್ತು ಕೂತು ನೋಡು. ರಿಪೋರ್ಟ್ ಬರೋವರೆಗೂ ನಿನ್ನ ಜಾಗ ಯಾರಿಗೂ ಕೊಡಲ್ಲ."

ಬಿಂದುಶ್ರೀ ಬ್ಯಾಗಿನಿಂದ ಡಬ್ಬಿ ತೆಗೆದು, ಖೋ ಖೋ ಕಂಬದ ಬುಡದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.