ಚೆಕ್-ಇನ್ ಮಾಡಿದರೆ ಬುಗುರಿ ಫ್ರೀ

"ಏನ್ರೀ, ಇಡೀ ಬಸ್ಸನ್ನೇ ಇಳಿಸ್ಬುಟ್ರಾ?"

ಚನ್ನಪಟ್ಟಣದ ಹಳೇ ಹೆದ್ದಾರಿಯ ಗೊಂಬೆ ಅಂಗಡಿಯಲ್ಲಿ ಕುಳಿತಿದ್ದ ಸ್ಪಂದನಾ ಬೆಚ್ಚಿಬಿದ್ದು ಕೇಳಿದಳು. ಕಬ್ಬಾಳು ಬಸ್ಸಿನ ಡ್ರೈವರ್ ಮಧುಕುಮಾರ್ ಬಾಗಿಲಲ್ಲಿ ನಗುತ್ತಾ ನಿಂತಿದ್ದ. ಅವನ ಹಿಂದೆ ಪ್ರಯಾಣಿಕರು. ಎಲ್ಲರ ಕೈಯಲ್ಲೂ ಮೊಬೈಲು.

"ಚೆಕ್-ಇನ್ ಮಾಡ್ದೋರ್ಗೆ ಬುಗುರಿ ಫ್ರೀ ಅಂತ ನೀವೇ ಹಾಕೀರಲ್ಲ ಮೇಡಂ. ಮಾಡವ್ರೆ. ಕೊಡಿ."

ಹಾಕಿದ್ದು ನಿಜ. 'ಹತ್ರ' ಎಂಬ ಆ್ಯಪು ಅಂಗಡಿಯ ಆಸುಪಾಸಿನಲ್ಲಿರುವವರ ಫೋನಿಗೆಲ್ಲ ಆಫರ್ ಕಳಿಸುತ್ತದೆ. ಬಂದವರು ಚೆಕ್-ಇನ್ ಒತ್ತಿದರೆ ಅವರ ಸ್ನೇಹಿತರಿಗೂ ಅಂಗಡಿ ಕಾಣುತ್ತದೆ. ಬೆಂಗಳೂರಿನ ಕಾರುಗಳು ನಿಲ್ಲಲಿ ಎಂದು ಅವಳು ಮಾಡಿದ ಉಪಾಯ ಅದು. ಕಾರುಗಳೋ, ಬೈಪಾಸಿನಲ್ಲೇ ಹೋಗಿಬಿಡುತ್ತಿದ್ದವು. ದಸರಾದೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಾಡಿಗೆ ಕೊಡುವುದಾಗಿ ಅಪ್ಪ ಚನ್ನಲಿಂಗಪ್ಪ ಹೇಳಿಯಾಗಿತ್ತು.

ಮಾರನೇ ಸಂಜೆಯೂ ಬಸ್ಸು ನಿಂತಿತು. ಅದರ ಮಾರನೇ ಸಂಜೆಯೂ... ಆ್ಯಪ್ ಇಲ್ಲದವರ ಫೋನಿಗೆ ಮಧುಕುಮಾರನೇ ಹಾಕಿಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದ. ಬುಗುರಿ ಬುಟ್ಟಿ ಖಾಲಿ, ಗಲ್ಲಾ ಪೆಟ್ಟಿಗೆಯೂ ಖಾಲಿ.

'ಈ ಮನುಷ್ಯ ನನ್ನ ಅಂಗಡಿ ಮುಚ್ಚಿಸೋಕೆ ಅಂತಲೇ ಹುಟ್ಟಿದ್ದಾನಾ...'

ಒಂದು ಸಂಜೆ ಅವಳ ತಾಳ್ಮೆ ತಪ್ಪಿತು. ಆಫರ್ ಇಟ್ಟಿದ್ದು ಕೊಳ್ಳುವವರಿಗೆ, ಬಿಟ್ಟಿ ಗಿರಾಕಿಗಳಿಗಲ್ಲ ಎಂದು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟಳು. ಅವನ ನಗು ಮಾಯವಾಯಿತು.

"ನನ್ನ ಏನ್ ಬೇಕಾದ್ರೂ ಅನ್ನಿ. ಅವ್ರನ್ನ ಅನ್ಬೇಡಿ."

ಅವಳು ಆಫರ್ ತೆಗೆದುಹಾಕಿದಳು. ಬಸ್ಸು ಹಾರನ್ನೂ ಹೊಡೆಯದೆ ಮುಂದೆ ಹೋಗತೊಡಗಿತು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಐದು ಗಂಟೆಯಾದರೆ ಸಾಕು, ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಅದಕ್ಕೂ ಸಿಟ್ಟು... ಅವನ ಮೇಲೆ, ಆ್ಯಪಿನ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ.

ಕೆಲವು ದಿನಗಳ ನಂತರ ಕಬ್ಬಾಳಿನ ಶಿವಲಿಂಗಮ್ಮ ಅಂಗಡಿಗೆ ಬಂದರು. ಮೊದಲ ದಿನ ಬುಗುರಿ ಒಯ್ದವರಲ್ಲಿ ಅವರೂ ಒಬ್ಬರು. ಮೊಮ್ಮಗ ಎಷ್ಟು ಚೀಪಿದರೂ ಬುಗುರಿಯ ಬಣ್ಣ ಬಿಟ್ಟಿರಲಿಲ್ಲವಂತೆ. ಈಗ ಅವನು ಹೆಜ್ಜೆ ಇಡುತ್ತಿದ್ದಾನೆ, ತಳ್ಳಿಕೊಂಡು ನಡೆಯುವ ಗಾಡಿ ಬೇಕು ಎಂದರು. ಅಂಗನವಾಡಿಗೂ ಗೊಂಬೆಗಳು ಬೇಕೆಂದು ಹೇಳಿದರು. ಅವರ ಹಿಂದೆಯೇ ಅದೇ ದಾರಿಯ ಊರುಗಳಿಂದ ಒಬ್ಬೊಬ್ಬರಾಗಿ ಬರತೊಡಗಿದರು. ಅಪ್ಪ ಮೊಬೈಲ್ ಮಾರುವವರಿಗೆ ಅಂಗಡಿ ಕೊಡುವುದಿಲ್ಲ ಎಂದರು.

ಯಾರನ್ನು ಬಿಟ್ಟಿ ಎಂದಿದ್ದಳೋ ಅವರೇ ಅಂಗಡಿ ಉಳಿಸಿದ್ದರು. ಸ್ಪಂದನಾಗೆ ನಾಚಿಕೆಯಾಯಿತು.

ಶಿವಲಿಂಗಮ್ಮ ಆ ದಿನ ಹೋಗುವಾಗ ಇನ್ನೊಂದು ಮಾತು ಹೇಳಿದ್ದರು.

"ಆ ಡ್ರೈವರ್ ಹುಡ್ಗ ನಿನ್ ಅಂಗ್ಡಿ ಹತ್ರ ಬಂತು ಅಂದ್ರೆ ತಲೆ ಬಾಚ್ಕಳೋನು ಕಣವ್ವ."

ಅವನ ನಂಬರ್ ಅವಳಲ್ಲಿರಲಿಲ್ಲ. ಇದ್ದದ್ದು ಆ ಹಾಳು ಆ್ಯಪು ಒಂದೇ. ಹೊಸ ಆಫರ್ ಬರೆದಳು: 'ಐದು ಗಂಟೆ ಬಸ್ಸಿನ ಡ್ರೈವರಿಗೆ ಮಾತ್ರ. ನಾನು ಅಂದದ್ದು ತಪ್ಪು. ಬಸ್ ನಿಲ್ಲಿಸಿ.'

ಕಳಿಸಿದ ಮೇಲೆ ನೆನಪಾಯಿತು. ಅದು ಬಸ್ಸಿನಲ್ಲಿರುವ ಎಲ್ಲರಿಗೂ ಹೋಗುತ್ತದೆ. ಅವರ ಫೋನಿಗೆಲ್ಲ ಆ್ಯಪ್ ಹಾಕಿಕೊಟ್ಟವನು ಅವನೇ!

'ಅಯ್ಯೋ ದೇವರೇ...'

ಅಳಿಸುವಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಒಳಗೆ ಫೋನುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಕಂಡಕ್ಟರ್ ಮುಕ್ತಿಯಾರ್ ಅದನ್ನು ಗಟ್ಟಿಯಾಗಿ ಓದಿದ. ಬ್ರೇಕ್ ಬಿತ್ತು. ಕಿಟಕಿಗಳ ತುಂಬ ಮುಖಗಳು.

ಮಧುಕುಮಾರ್ ಇಳಿದು ಬಂದ. ಇವತ್ತು ನಿಲ್ಲುವ ಯೋಚನೆ ಇರಲಿಲ್ಲವಲ್ಲ, ತಲೆ ಕೆದರಿತ್ತು.

"ಒಬ್ನೇ ಬರಕ್ಕೆ ಧೈರ್ಯ ಇರ್ನಿಲ್ಲ," ಎಂದ ಮೆಲ್ಲಗೆ. "ಅದ್ಕೇ ಎಲ್ರುನೂ ಕರ್ಕಂಡ್ ಬತ್ತಿದ್ದೆ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಕಾದದ್ದು ಈ ಮಾತಿಗೇ ಎಂದು ಅವಳಿಗೆ ಆಗ ಗೊತ್ತಾಯಿತು.

"ಇನ್ಮೇಲೆ ಒಬ್ರೇ ಬನ್ನಿ," ಎಂದಳು.

"ಬುಗುರಿ ಕೊಡ್ತೀರಾ?"

"ಇಲ್ಲ. ಬಾಚಣಿಗೆ ಇಟ್ಟಿರ್ತೀನಿ."

ಅವನ ಕೈ ತಾನಾಗಿಯೇ ತಲೆಗೆ ಹೋಯಿತು.

"ಎಲ್ಲಿ ಗಂಟ ಐತೆ ಈ ಆಫರು?"

"ನಿಮ್ ತಲೇಲಿ ಕೂದ್ಲು ಇರೋ ಗಂಟ."

"ಬೋಳಾದ್ರೆ?"

"ಆಗ್ಲೂ ಬನ್ನಿ."