ಹುಳದ ಮನೆಯ ಐವತ್ತು ಪದ

ಗುರುವಾರ ಬೆಳಿಗ್ಗೆ ರಾಣಿಯ ಟೈಲರಿಂಗ್ ಅಂಗಡಿಯ ಬಾಗಿಲಿಗೆ ಯಾರೋ ಸಗಣಿ ಬಳಿದಿದ್ದರು. ಅದರ ಮೇಲೆ ನನ್ನ ಪತ್ರಿಕೆಯ ಹಾಳೆ ಅಂಟಿಸಿದ್ದರು!

ಕೊಳ್ಳೇಗಾಲದಿಂದ ನಾನು ಹೊರತರುವ ವಾರಪತ್ರಿಕೆಯಲ್ಲಿ ‘ಐವತ್ತು ಪದದ ನಿಜ’ ಎಂಬ ಅಂಕಣವಿದೆ. ಕಣ್ಣಾರೆ ಕಂಡದ್ದನ್ನು ಓದುಗರು ಬರೆಯುತ್ತಾರೆ. ಹಿಂದಿನ ವಾರದ ಕತೆ ಹೆಸರಿಲ್ಲದ ಕವರಿನಲ್ಲಿ ಬಂದಿತ್ತು— ರೇಷ್ಮೆಹುಳಗಳು ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಕೂತಿವೆ. ಮೇಯದೆ, ತಲೆಯೆತ್ತಿ ಸುಮ್ಮನಿವೆ. ಅಲ್ಲೇ, ಯಳಂದೂರಿನ ಗಂಡು ಬೇಡವೆಂದ ಮಗಳಿಗೆ ಅಪ್ಪ ಹಿಪ್ಪುನೇರಳೆ ಕಡ್ಡಿಯಲ್ಲಿ ಬಾರಿಸುತ್ತಾನೆ.

ಅದು ರಾಣಿಯ ಊರಿನ ಪುಟ್ಟಬಸಪ್ಪನ ಮಗಳು ಕುಸುಮ ಎಂದು ಊರಿಗೆ ತಿಳಿಯಲು ಎಷ್ಟು ಹೊತ್ತು? ಗಂಡಿನವರು ಸಂಬಂಧ ಮುರಿದರು. ಆ ಊರಿನಿಂದ ನನ್ನ ಅಂಕಣಕ್ಕೆ ಬರೆಯುತ್ತಿದ್ದವಳು ಕುಸುಮಳ ಗೆಳತಿ ರಾಣಿ ಒಬ್ಬಳೇ. ಬರೆದವಳು ಅವಳೇ ಎಂದುಕೊಂಡು, ಹೊಲಿಯಲು ಕೊಟ್ಟಿದ್ದವರೆಲ್ಲ ಬಟ್ಟೆ ವಾಪಸ್ ಒಯ್ದರು. ಅಚ್ಚಾದ ಕೂಡಲೇ ಕಾಗದ ಹರಿದೆಸೆಯುವ ನನ್ನ ಚಾಳಿಗೆ ಬೆಂಕಿ ಬೀಳ! ಅಕ್ಷರ ಹೋಲಿಸಲೂ ಏನೂ ಉಳಿದಿರಲಿಲ್ಲ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಜಡೇಸ್ವಾಮಿಯನ್ನು ರಾಣಿಯ ಅಂಗಡಿಗೆ ಕರೆದೊಯ್ದೆ. ಅವನೂ ಹುಳ ಸಾಕುವ ಮನೆಯವನೇ. ಕತೆಯನ್ನು ಎರಡು ಸಲ ಓದಿದ.

“ನೀನು ಬರ್ದ್ಯಾ?”

“ಇಲ್ಲ ಸಾ. ನಾನು ಬರ್ದಿದ್ರೆ ಹೆಸ್ರು ಹಾಕ್ತಿದ್ದೆ,” ಎಂದಳು ರಾಣಿ.

ಕುಸುಮಳನ್ನು ಅಂಗಡಿಗೇ ಕರೆಸಿದ.

“ನಿಮ್ಮಪ್ಪ ಕಡ್ಡೀಲಿ ಒಡೆದದ್ದ ಯಾರ್ಗಾರ ಏಳಿದ್ಯಾ ತಾಯಿ?”

“ಯಾರ್ಗೂ ಇಲ್ಲ.”

“ರಾಣಿಗೆ?”

“ಇಲ್ಲ ಸಾ.”

“ಅಂಗಾರೆ ಕೇಳು. ಹುಳ ಜ್ವರಕ್ಕೆ ಕೂತಾಗ ಒರಗಿನ ನೊಣನೂ ಒಳಕ್ಕೆ ಬುಡಲ್ಲ, ಕಿಟಕಿಗೂ ಪರದೆ. ರಾಣಿ ಎಲ್ಲಿಂದ ನೋಡ್ತಳೆ? ಹುಳ ತಲೆ ಎತ್ತಿದ್ದ ನೋಡಿದೋರು ಮೂರೇ ಜನ. ನಿಮ್ಮಪ್ಪ ತಾನು ಒಡೆದದ್ದ ಬರ್ಯಲ್ಲ. ನಿಮ್ಮವ್ವ ಕೆಂಪಾಜಮ್ಮ ಎಬ್ಬೆಟ್ಟು ಒತ್ತೋಳು. ಉಳಿದೋಳು— ನೀನು!”

ಕುಸುಮ ಅಂಗಡಿಯ ಬಾಗಿಲು ಮುಚ್ಚಿದಳು.

“ಮದ್ವೆ ನಿಲ್ಬೇಕಿತ್ತು ಸಾ. ನಾನೇ ಅಂತ ಗೊತ್ತಾದ್ರೆ ಅಪ್ಪ ಕೊಂದೇಬುಡ್ತನೆ.”

“ರಾಣಿ ಮ್ಯಾಲೆ ಬತ್ತದೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

ನನಗೆ ಮೈ ಉರಿಯಿತು. ಆದರೆ ಕತೆ ಚೆನ್ನಾಗಿದೆ ಎಂದು ಮೊದಲ ಪುಟಕ್ಕೆ ಹಾಕಿದ್ದವನು ನಾನೇ.

ಜಡೇಸ್ವಾಮಿ ರಾಣಿಯತ್ತ ತಿರುಗಿದ. “ಊರ್ಗೆ ಏಳಾಣ್ವಾ?”

ರಾಣಿ ಕುಸುಮಳ ಮುಂಗೈಯ ಬಾಸುಂಡೆಗಳನ್ನು ನೋಡಿದಳು.

“ಬ್ಯಾಡ ಸಾ. ನಾನೇ ಬರ್ದೆ ಅಂತ ಇರ್ಲಿ. ಮಿಶನ್ ತಕಂಡು ಕೊಳ್ಳೇಗಾಲಕ್ಕೆ ಓಯ್ತೀನಿ.” ಮತ್ತೆ ಕುಸುಮಳಿಗೆ ಹೇಳಿದಳು: “ನೀನು ಮಾತ್ರ ಇನ್ನು ನನ್ನ ಮೊಕ ನೋಡಬ್ಯಾಡ ಕಣೆ.”