ಕೆಳಗಿನ ಕಣ್ಣಿನ ಮುಚ್ಚಳ

ಕ್ಯಾಮೆರಾದ ಕೆಳಗಿನ ಕಣ್ಣಿಗೆ ಮುಚ್ಚಳ ಹಾಗೇ ಇತ್ತು. ಅಂಜಲಿ ಅದನ್ನು ನೋಡಿದಳು. ನೋಡಿಯೂ ನೋಡದವಳ ಹಾಗೆ ಹೊಳೆಯ ಕಡೆ ತಿರುಗಿದಳು.

"ಮಾಮ, ನಾ ರೆಡಿ!" ಎಂದು ಹುಲುಗೇಶ್ ಕೂಗಿದ. ಎರಡು ಕಣ್ಣಿನ ಆ ಸಣ್ಣ ಕ್ಯಾಮೆರಾ ಅವನ ಕೊರಳಲ್ಲಿ ತೂಗುತ್ತಿತ್ತು.

"ನಾ 'ಹೂಂ' ಅಂದ ಕೂಡ್ಲೇ ಒತ್ತಬೇಕು ನೋಡಪಾ," ಎಂದ ಮಾಮ, ತನ್ನ ಕೈಯಲ್ಲಿದ್ದ ದೊಡ್ಡ ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಹೂಂ!"

ದೊಡ್ಡದು ಧಡ್ ಎಂದಿತು. ಸಣ್ಣದು ಟಿಕ್ ಎಂದಿತು. ಹಂಪಿಯ ಮಾತಂಗ ಬೆಟ್ಟದ ಮೇಲೆ ಆಗ ತಾನೇ ಬಿಸಿಲು ಬಂದಿತ್ತು.

ಮಲ್ಲಿಕಾರ್ಜುನ್ ಮಾಮನದು ಚಿತ್ತವಾಡ್ಗಿಯಲ್ಲಿ ಪುಟ್ಟ ಸ್ಟುಡಿಯೋ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಹಂಪಿಗೆ ಬರುವವರು ಫೋಟೋದವನ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಮಾಮ ಹೊಸ ಪ್ಲಾನ್ ಮಾಡಿದ್ದ. ಹಳೇ ಕಾಲದ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೊಂಡು ಕಪ್ಪು-ಬಿಳುಪು ಫೋಟೋ ತೆಗೆಯಬೇಕು. ಅದರ ರೋಲ್ ಭಾಳ ಅಗಲ. ಒಂದು ರೋಲಿಗೆ ಹನ್ನೆರಡೇ ಫೋಟೋ, ಆದರೆ ಒಂದೊಂದೂ ಚೌಕವಾಗಿ, ಅಚ್ಚುಕಟ್ಟಾಗಿ ಬರುತ್ತದೆ.

ಕಂಪ್ಲಿಯಲ್ಲಿ ಸ್ಟುಡಿಯೋ ಮುಚ್ಚಿದ್ದ ಓಬಳಪ್ಪ ತಾತ ಇಂಥ ಎರಡು ಕ್ಯಾಮೆರಾ ಕೊಟ್ಟು ಕಳಿಸಿದ್ದರು. "ಒಂದು ವಾರ ಇಟ್ಕಂಡು ನೋಡು. ಯಾವ್ದು ಬೇಕೋ ಅದನ್ನ ತಗ, ಇನ್ನೊಂದು ವಾಪಸ್ ಕೊಡು," ಎಂದಿದ್ದರು. ದೊಡ್ಡದಕ್ಕೆ ಬೇರೆ ಬೇರೆ ಲೆನ್ಸ್ ಹಾಕಬಹುದು, ಆದರೆ ಅದರ ಬ್ಯಾಗ್ ಎತ್ತಿದರೆ ಸೊಂಟ ಬಗ್ಗುತ್ತದೆ. ಸಣ್ಣದು ಕೊರಳಿಗೆ ಹಾಕಿಕೊಂಡರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ದೊಡ್ಡದರ ರೇಟಿಗೆ ಸಣ್ಣವು ಮೂರು ಬರುತ್ತಿದ್ದವು. ಒಂದೇ ಜಾಗದಲ್ಲಿ ಎರಡರಿಂದಲೂ ಫೋಟೋ ತೆಗೆದು, ಹೋಲಿಸಿ ನೋಡಿ, ಆಮೇಲೆ ಒಂದನ್ನು ಕೊಳ್ಳೋಣ ಎಂದು ಮಾಮ ಇವರಿಬ್ಬರನ್ನೂ ಬೆಟ್ಟ ಹತ್ತಿಸಿದ್ದ.

ಇಷ್ಟು ದಿನ ಮಾಮನ ಅಸಿಸ್ಟೆಂಟ್ ಅಂದರೆ ಅಂಜಲಿ. ಸ್ಟುಡಿಯೋದಲ್ಲಿ ಬೆಳಕು ಹರಡುವ ಬಿಳಿ ಕೊಡೆ ಹಿಡಿಯುವವಳು ಅವಳು. "ಗದ್ದ ಮ್ಯಾಲೆತ್ರಿ" ಎಂದು ದೊಡ್ಡವರಿಗೂ ಆರ್ಡರ್ ಮಾಡುವವಳು ಅವಳು. ಅಷ್ಟರಲ್ಲಿ ದಸರಾ ರಜೆಗೆ ಸಂಡೂರಿನಿಂದ ಚಿಕ್ಕಮ್ಮನ ಮಗ ಹುಲುಗೇಶ್ ಬಂದ. ಅವಳಿಗಿಂತ ಒಂದು ವರ್ಷ ಸಣ್ಣವನು. ಬಂದ ದಿನವೇ ಮಾಮ, "ಹುಡುಗನ ಕೈ ನೋಡು, ಸ್ವಲ್ಪಾನೂ ನಡಗಂಗಿಲ್ಲ!" ಎಂದ. ಇವತ್ತು ಅವನಿಗೆ ಕ್ಯಾಮೆರಾ. ಅಂಜಲಿಗೆ ಬ್ಯಾಗ್!

"ಭಾರ ಆಕ್ಕತೇನವ್ವಾ?" ಎಂದು ಮಾಮ ದಾರಿಯಲ್ಲಿ ಕೇಳಿದ್ದ.

"ಏನ್ ಭಾರ ಇಲ್ಲ," ಎಂದಿದ್ದಳು ಅಂಜಲಿ ಏದುಸಿರು ಬಿಡುತ್ತ.

ಸಣ್ಣ ಕ್ಯಾಮೆರಾದ ಗುಟ್ಟು ಅವಳಿಗೆ ಗೊತ್ತಿತ್ತು. ಕ್ಯಾಮೆರಾ ಬಂದ ದಿನವೇ ಮಾಮ ಹೇಳಿಕೊಟ್ಟಿದ್ದ. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನ ಕಣ್ಣು ಫೋಟೋ ತೆಗೆಯುವುದಕ್ಕೆ. ಎರಡಕ್ಕೂ ಬೇರೆ ಬೇರೆ ಮುಚ್ಚಳ. ಇದು ಗೊತ್ತಿಲ್ಲದ ಹುಲುಗೇಶ್ ಮೇಲಿನದನ್ನಷ್ಟೇ ತೆಗೆದ. ಗಾಜಿನಲ್ಲಿ ಗುಡಿ, ಹೊಳೆ, ಬಂಡೆ ಎಲ್ಲ ಚೆನ್ನಾಗಿ ಕಂಡವು. ಎಲ್ಲ ಸರಿ ಇದೆ ಎಂದುಕೊಂಡ.

ಎರಡನೇ ಫೋಟೋ ಆಯಿತು. ಈಗ ಹೇಳಿಬಿಡಬೇಕು ಎಂದು ಅಂಜಲಿ ಬಾಯಿ ತೆರೆದಳು.

"ಅಂಜಲಕ್ಕ, ಸ್ವಲ್ಪ ಆಕಡಿ ಸರಿ. ನಿನ್ನ ನೆಳ್ಳು ಬೀಳಾಕತ್ತೈತಿ," ಎಂದ ಹುಲುಗೇಶ್, ದೊಡ್ಡ ಫೋಟೋಗ್ರಾಫರನ ಹಾಗೆ.

ಅಂಜಲಿ ಸರಿದಳು. ತೆರೆದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಮೂರು ಆಯಿತು, ನಾಲ್ಕು ಆಯಿತು, ಹನ್ನೆರಡೂ ಆಯಿತು. ಹುಲುಗೇಶ್ ಮೇಲಿನ ಮುಚ್ಚಳ ಹಾಕಿ, ಕ್ಯಾಮೆರಾವನ್ನು ಜೋಪಾನವಾಗಿ ಮಾಮನಿಗೆ ಕೊಟ್ಟ.

ಸಂಜೆ ಮಾಮ ಬಚ್ಚಲುಮನೆಯನ್ನು ಕತ್ತಲೆ ಮಾಡಿಕೊಂಡು ರೋಲುಗಳನ್ನು ತೊಳೆದ. ಹೊರಗೆ ಬಂದು ಎರಡನ್ನೂ ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಬಿಟ್ಟ. ದೊಡ್ಡ ಕ್ಯಾಮೆರಾದ ರೋಲಿನಲ್ಲಿ ಹನ್ನೆರಡು ಚೌಕ ಕಂಡವು. ಸಣ್ಣದರ ರೋಲಿನಲ್ಲಿ ಏನೂ ಇರಲಿಲ್ಲ. ಆಚೆ ನಿಂತವರ ಮುಖ ಕಾಣುವಷ್ಟು ಖಾಲಿ.

"ನಾ ಒತ್ತೀನಿ ಮಾಮ! ಹನ್ನೆರಡೂ ಸಲ ಒತ್ತೀನಿ!" ಹುಲುಗೇಶನ ಕಣ್ಣಲ್ಲಿ ನೀರು ಬಂತು.

ಈಗ ಮಾಮ ಅವನಿಗೆ ಬೈಯುತ್ತಾನೆ ಎಂದು ಅಂಜಲಿ ಕಾದಳು.

"ನಿಂದೇನ್ ತಪ್ಪಿಲ್ಲ ಬಿಡಪಾ. ಟಿಕ್ ಅಂದಿದ್ದು ನನಗೂ ಕೇಳೇತಿ," ಎಂದ ಮಾಮ. "ಹಳೇ ಶಟ್ಟರ್ ನೋಡು. ಒಮ್ಮೆ ತೆರಿತೈತಿ, ಒಮ್ಮೆ ತೆರಿಯಂಗಿಲ್ಲ. ಇಂಥದ್ದನ್ನ ಹೆಂಗ ನಂಬೂದು?"

ಬೈಸಿಕೊಂಡದ್ದು ಹುಲುಗೇಶ್ ಅಲ್ಲ, ಪಾಪ, ಕ್ಯಾಮೆರಾ. ಮಾಮ ಅದನ್ನು ಟವೆಲಿನಲ್ಲಿ ಸುತ್ತಿದ.

"ನಾಳೆ ಕಂಪ್ಲಿಗೆ ಹೋಗಿ ವಾಪಸ್ ಕೊಡ್ತೀನಿ. ದೊಡ್ಡದ ಇಟ್ಕಂಬಿಡಾನು. ಸ್ಕೂಟಿ ಮಾರಿದ್ರ ರೊಕ್ಕ ಹೊಂದ್ತೈತಿ. ಹಂಪಿಗೆ ಬಸ್ಸಿನ್ಯಾಗ ಹೋದ್ರಾತು," ಎನ್ನುತ್ತ ಮಾಮ ಎಡಗೈಯಿಂದ ತನ್ನ ಬಲಭುಜ ತಿಕ್ಕಿಕೊಂಡ. ಹೋದ ವರ್ಷ ಮದುವೆ ಮನೆಯಲ್ಲಿ ಏಣಿಯಿಂದ ಬಿದ್ದಾಗಿನಿಂದ ಅದು ನೋಯುತ್ತಿತ್ತು.

ಅಂಜಲಿಯ ಭುಜವೂ ನೋಯುತ್ತಿತ್ತು. ಬ್ಯಾಗಿನ ಪಟ್ಟಿ ಒತ್ತಿದ ಕಡೆ ಇನ್ನೂ ಕೆಂಪಗಿತ್ತು. ಅವಳು ಹೊತ್ತದ್ದು ಒಂದೇ ಒಂದು ಬೆಳಿಗ್ಗೆ. ಮಾಮ ದಿನಾ ಹೊರಬೇಕು.

"ಮಾಮ," ಎಂದಳು. "ಕ್ಯಾಮೆರಾ ಕೆಟ್ಟಿಲ್ಲ. ಕೆಳಗಿನ ಕಣ್ಣಿನ ಮುಚ್ಚಳ ತಗದಿರಲಿಲ್ಲ."

"ನಿನಗ ಹೆಂಗ ಗೊತ್ತು?"

"ನಾ ನೋಡಿದ್ದೆ."

"ಯಾವಾಗ?"

"ಮೊದ್ಲನೇ ಫೋಟೋದಾಗನ."

ಮಾಮ ಅವಳನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಂಜಲಿಗೆ. ಮಾಮ ಟವೆಲ್ ಬಿಚ್ಚಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ.

"ಇನ್ನೊಂದು ರೋಲ್ ಐತಿ. ಅದ ಕಡೀದು. ಮುಂಜಾನೆ ಐದಕ್ಕ ಏಳ್ರಿ, ಇಬ್ಬರೂ," ಎಂದು ಹೊರಗೆ ಹೋದ.

"ಯಾಕ ಹೇಳ್ಲಿಲ್ಲ?" ಹುಲುಗೇಶ್ ಕೇಳಿದ.

"ನಿನಗ ಕ್ಯಾಮೆರಾ ಕೊಟ್ಟ. ನನಗ ಬ್ಯಾಗ್ ಕೊಟ್ಟ."

"ನಾನೇನ್ ಕೇಳಿದ್ನಾ? ನನಗ ಬ್ಯಾಗ್ ಕೊಟ್ಟಿದ್ರ ಬ್ಯಾಗ್ ಹೊರ್ತಿದ್ದೆ!" ಎಂದು ಅವನು ಮುಖ ತಿರುಗಿಸಿಕೊಂಡ. ಊಟಕ್ಕೆ ಕೂತಾಗಲೂ ಅವಳ ಪಕ್ಕ ಕೂರಲಿಲ್ಲ.

ಮರುದಿನ ದೊಡ್ಡ ಕ್ಯಾಮೆರಾ ಮನೆಯಲ್ಲೇ ಉಳಿಯಿತು. ಸಣ್ಣದು ಮತ್ತೆ ಹುಲುಗೇಶನ ಕೊರಳಿಗೇ ಹೋಯಿತು. ಅಂಜಲಿಗೆ ಇವತ್ತು ಹೊರಲು ಬ್ಯಾಗೂ ಇರಲಿಲ್ಲ. ನಿನ್ನೆ ಬ್ಯಾಗ್ ಕೊಟ್ಟರೆಂದು ಉರಿದುಕೊಂಡವಳಿಗೆ ಇವತ್ತು ಬರಿಗೈ ಇನ್ನೂ ಕಷ್ಟವಾಯಿತು. ಮುಂದೆ ಮಾಮ ಎರಡೂ ಕೈ ಬೀಸಿಕೊಂಡು, ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದ. ಅವನು ಹಾಗೆ ಹತ್ತುವುದನ್ನು ಅವಳು ನೋಡಿ ಭಾಳ ದಿನವಾಗಿತ್ತು.

ಬೆಟ್ಟದ ಮೇಲೆ ಹುಲುಗೇಶ್ ಮೇಲಿನ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಕೆಳಗಿನದನ್ನು ತೆಗೆದ. ಅದನ್ನು ಜೇಬಿಗೆ ಹಾಕದೆ ಅಂಜಲಿಯ ಮುಂದೆ ಹಿಡಿದ.

"ಇದನ್ನ ನೀನ ಇಟ್ಕ," ಎಂದ. ಅಕ್ಕ ಎನ್ನಲಿಲ್ಲ.

ಅಂಜಲಿ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹೂಂ," ಎಂದ ಮಾಮ. ಟಿಕ್.

ಒಂದು, ಎಂದು ಅವಳು ಮನಸ್ಸಿನಲ್ಲೇ ಎಣಿಸಿದಳು. ಆ ಗುಂಡಿ ತಾನೂ ಒತ್ತಬೇಕಿತ್ತು ಎಂದು ಪ್ರತಿ ಸಲವೂ ಅನ್ನಿಸಿತು. ಆದರೆ ಪ್ರತಿ ಟಿಕ್‌ಗೂ ಮೊದಲು ಮುಷ್ಟಿ ಬಿಚ್ಚಿ, ಮುಚ್ಚಳ ತನ್ನ ಹತ್ತಿರವೇ ಇದೆ ಎಂದು ನೋಡಿಕೊಂಡಳು. ಕೆಳಗಿನ ಕಣ್ಣು ತೆರೆದಿದೆ ಎಂದೂ ನೋಡಿದಳು. ಏಳು. ಎಂಟು. ಹನ್ನೆರಡು.

"ಅಂಜಲಕ್ಕ, ಮುಚ್ಚಳ ಕೊಡು," ಎಂದು ಹುಲುಗೇಶ್ ಕೈ ಚಾಚಿದ.

ಮುಚ್ಚಳ ಬೆವರಿನಿಂದ ಒದ್ದೆಯಾಗಿತ್ತು. ಅಂಜಲಿ ಅದನ್ನು ತನ್ನ ಅಂಗಿಗೆ ಚೆನ್ನಾಗಿ ಒರೆಸಿ, ಅವನ ಕೈಗೆ ಕೊಟ್ಟಳು.